ಹಿಮ್ಮಡಿ ಸವೆದ ಚಪ್ಪಲಿ

ನಮ್ಮ ಊರಿನ ಅಧಿಕಾರಿಗಳು ಹೇಗೆ ಕೆಲಸ ಮಾಡುತ್ತಾರೆ ಎಂದು ತಿಳಿಯಲು ನೀವು ಪುರಸಭೆಯ ಮೆಟ್ಟಿಲು ಹತ್ತಬೇಕಿಲ್ಲ, ನನ್ನ ಅಂಗಡಿಗೆ ಬಂದರೆ ಸಾಕು. ನನ್ನ ಹೆಸರು ಭರಮಣ್ಣ. ಹೆಂಚಿನ ಕಾರ್ಖಾನೆಯ ಗೇಟಿನ ಎದುರು, ಬೇವಿನ ಮರದ ಕೆಳಗೆ, ಮೂವತ್ತೆಂಟು ವರ್ಷದಿಂದ ಚಪ್ಪಲಿ ಹೊಲಿಯುತ್ತ ಕೂತಿದ್ದೇನೆ. ಬಸ್ ಡಿಪೋ ಮ್ಯಾನೇಜರರ ಚಪ್ಪಲಿಯ ಅಟ್ಟೆಗೆ ಗ್ರೀಸು ಮೆತ್ತಿರುತ್ತದೆ, ಹೈಸ್ಕೂಲಿನ ಹೆಡ್ಮಾಸ್ತರರ ಅಟ್ಟೆಗೆ ಸೀಮೆಸುಣ್ಣದ ಪುಡಿ. ಇದ್ಯಾವುದೂ ಇಲ್ಲದೆ ಬರೀ ಕಾರ್ಪೆಟ್ಟಿನ ನೂಲು ಅಂಟಿಕೊಂಡು ಬಂತೆಂದರೆ, ಈ ಮನುಷ್ಯ ವರ್ಷ ತುಂಬುವುದರೊಳಗೆ ಗಂಟುಮೂಟೆ ಕಟ್ಟುತ್ತಾನೆ ಎಂದು ನಾನು ಮನಸ್ಸಿನಲ್ಲೇ ಬರೆದಿಟ್ಟುಕೊಳ್ಳುತ್ತೇನೆ. ಇಲ್ಲಿಯವರೆಗೆ ನನ್ನ ಲೆಕ್ಕ ತಪ್ಪಿದ್ದು ಒಂದೇ ಸಲ.

ಊರಿನವರಿಗೆ ಇದನ್ನು ಹೇಳುವ ಅಗತ್ಯವಿಲ್ಲ, ಹೊರಗಿನವರಿಗೆ ಹೇಳುತ್ತೇನೆ. ನಮ್ಮಲ್ಲಿ ಯಾರೇ ಆಗಲಿ ಒಂದು ಕಚೇರಿಗೋ ಶಾಲೆಗೋ ಕಾರ್ಖಾನೆಗೋ ಮುಖ್ಯಸ್ಥರಾಗಿ ಚಾರ್ಜಿನ ಪುಸ್ತಕಕ್ಕೆ ಸಹಿ ಹಾಕಿದ ಗಳಿಗೆಯಿಂದ ಅವರ ಮಾತು ಕೈಕೆಳಗಿನವರಿಗೆ ಮೂರು ಹೆಜ್ಜೆಯವರೆಗೆ ಮಾತ್ರ ಕೇಳಿಸುತ್ತದೆ. ನಾಲ್ಕನೇ ಹೆಜ್ಜೆಯಲ್ಲಿ ನಿಂತವರಿಗೆ ತುಟಿ ಅಲ್ಲಾಡುವುದು ಕಾಣುತ್ತದೆ, ಅಷ್ಟೇ. ಮನೆಯವರಿಗೆ, ತರಕಾರಿ ಮಾರುವವಳಿಗೆ, ನನ್ನಂಥವನಿಗೆ ಎಲ್ಲ ಚೆನ್ನಾಗಿಯೇ ಕೇಳುತ್ತದೆ. ಸುತ್ತೋಲೆ ಕಳಿಸಿದರೆ ಹಾಳೆ ಮೂರು ಹೆಜ್ಜೆ ದಾಟುವಷ್ಟರಲ್ಲಿ ಬೆಳ್ಳಗಾಗಿರುತ್ತದೆ. ಫೋನಿನಲ್ಲಿ ಬರೀ ಉಸಿರು. ಕೇಳಿಸಿಕೊಂಡವನು ಆ ಕೆಲಸವನ್ನು ತನ್ನ ಕೈಯಾರೆ ಮಾಡಬಹುದು. ಆದರೆ ಮಾತನ್ನು ಇನ್ನೊಬ್ಬರಿಗೆ ದಾಟಿಸಲು ಹೋದರೆ ನಾಲಿಗೆ ತಡೆಯುತ್ತದೆ. ಹಿಂದೊಬ್ಬ ಪುರಸಭೆ ಅಧ್ಯಕ್ಷರು ಸಿಬ್ಬಂದಿಯ ಸಭೆಗೆ ಮೈಕು ತರಿಸಿದ್ದರು. ಮುಂದಿನ ಸಾಲಿನವರು ಚಪ್ಪಾಳೆ ಹೊಡೆದಾಗಲೆಲ್ಲ ಹಿಂದಿನವರು ಅಂದಾಜಿನ ಮೇಲೆ ಹೊಡೆದರು.

ಹಾಗಾಗಿ ನಮ್ಮ ಊರಿನಲ್ಲಿ ದೊಡ್ಡವರು ನಡೆಯುತ್ತಾರೆ. ಒಬ್ಬರನ್ನು ಮುಖ್ಯಸ್ಥರನ್ನಾಗಿ ಆರಿಸುವ ಮುನ್ನ ನೀರಿನ ಟ್ಯಾಂಕಿನ ಮೆಟ್ಟಿಲನ್ನು ಎರಡು ಸಲ ಹತ್ತಿಸಿ ಇಳಿಸಿ ನೋಡುವುದು ಪುರಸಭೆಯ ವಾಡಿಕೆ. ನನ್ನ ವ್ಯಾಪಾರಕ್ಕೂ ಇದರಿಂದ ಒಳ್ಳೆಯದೇ ಆಗಿದೆ, ಸುಳ್ಳು ಯಾಕೆ ಹೇಳಲಿ.

ವತ್ಸಲಾ ನಿಡಗುಂದಿ ಅವರು ಹೆಂಚಿನ ಕಾರ್ಖಾನೆಗೆ ಬಂದಾಗ ಯಾರೂ ಅವರನ್ನು ಟ್ಯಾಂಕು ಹತ್ತಿಸಲಿಲ್ಲ. ಹತ್ತಿಸಿದ್ದರೆ ಅವರು ಹತ್ತುತ್ತಲೂ ಇರಲಿಲ್ಲ. ಚಿಕ್ಕಂದಿನಲ್ಲಿ ಬಿದ್ದು ಬಲಗಾಲಿನ ಮೊಣಕಾಲು ಸೆಟೆದುಕೊಂಡಿತ್ತು. ಆ ಕಾಲನ್ನು ಒಂದಿಷ್ಟು ಹೊರಗೆ ಬೀಸಿ ನಡೆಯುತ್ತಿದ್ದರು. ಹುಡುಗಿಯರ ಪಾಲಿಟೆಕ್ನಿಕ್ಕಿನಲ್ಲಿ ಒಂಬತ್ತು ವರ್ಷ ಪ್ರಿನ್ಸಿಪಾಲರಾಗಿದ್ದವರು. ಅಲ್ಲಿ ಒಂದೇ ಕಾರಿಡಾರು, ಹೇಗೋ ನಡೆದಿತ್ತು. ಕಾರ್ಖಾನೆ ಹಾಗಲ್ಲ, ಗೇಟಿನ ಪಕ್ಕದ ಕಚೇರಿಯಿಂದ ಕೆರೆಯ ದಂಡೆಯ ಭಟ್ಟಿಗೆ ನಾನೂರು ಹೆಜ್ಜೆ. ಆದರೂ ಅವರನ್ನು ಕಳಿಸಿದ್ದು ಯಾಕೆಂದರೆ ಮುಳುಗುವ ಕಾರ್ಖಾನೆಗೆ ಬರಲು ಗಟ್ಟಿ ಕಾಲಿನವರು ಯಾರೂ ಒಪ್ಪಿರಲಿಲ್ಲ.

ಕಾರ್ಖಾನೆ ಊರಿನದೇ, ಪುರಸಭೆ ನಡೆಸುವಂಥದ್ದು. ನೂರ ನಲವತ್ತು ಜನರ ಒಲೆ ಅದರಿಂದ ಉರಿಯುತ್ತದೆ. ಅದರಲ್ಲಿ ನನ್ನ ಮನೆಯದೂ ಒಂದು, ನನ್ನ ಮಗಳು ಕಸ್ತೂರಿ ಅಲ್ಲಿ ಹೆಂಚು ಒತ್ತುವ ಮೇಜಿನಲ್ಲಿದ್ದಾಳೆ. ಐದಾರು ವರ್ಷದಿಂದ ಹೆಂಚುಗಳು ಸೀಳತೊಡಗಿದ್ದವು. ಭಟ್ಟಿಯಿಂದ ಹೊರಗೆ ಬರುವಾಗಲೇ ಮೂರರಲ್ಲಿ ಒಂದಕ್ಕೆ ಕೂದಲೆಳೆಯಷ್ಟು ಬಿರುಕು. ಸುತ್ತಲಿನ ಊರಿನವರೆಲ್ಲ ತಗಡಿನ ಶೀಟಿಗೆ ಹೋದರು. ಕೊನೆಗೆ ಪುರಸಭೆ ಒಂದು ನಿರ್ಣಯ ಮಾಡಿತು. ಈ ಮಳೆಗಾಲದೊಳಗೆ ಊರಿನ ಹನ್ನೆರಡು ಶಾಲೆಗಳ ಮಾಡಿಗೆ ಹೊಸ ಹೆಂಚು ಹೊದಿಸಬೇಕು; ನಮ್ಮ ಕಾರ್ಖಾನೆಯ ಹೆಂಚು ಸೀಳದೆ ಬಂದರೆ ಸರಿ, ಇಲ್ಲದಿದ್ದರೆ ಶಾಲೆಗಳಿಗೂ ಶೀಟು ಹಾಕಿಸಿ, ಭಟ್ಟಿ ಆರಿಸಿ, ಗೇಟಿಗೆ ಬೀಗ. ಕಸ್ತೂರಿ ಆ ದಿನ ಮನೆಗೆ ಬಂದು ಕೈಗೆ ಅಂಟಿದ್ದ ಮಣ್ಣನ್ನು ತೊಳೆಯದೆ ಹಾಗೇ ಕೂತುಬಿಟ್ಟಳು.

ವತ್ಸಲಾ ಮೇಡಂ ಮೊದಲ ದಿನ ಗೇಟಿನೊಳಗೆ ಹೋದಾಗ ನಾನು ಅವರ ಮುಖ ನೋಡಲಿಲ್ಲ, ಕಾಲು ನೋಡಿದೆ. ಮೂರು ತಿಂಗಳು ತಡೆಯುವುದಿಲ್ಲ ಅಂದುಕೊಂಡೆ. ಒಂದು ತಿಂಗಳಿಗೆ ಚಪ್ಪಲಿ ರಿಪೇರಿಗೆ ಬಂತು. ಅಟ್ಟೆ ಮೇಲೆ ಮಾಡಿ ಹಿಡಿದೆ, ಮತ್ತೆ ತಿರುಗಿಸಿ ನೋಡಿದೆ. ಅವಸರದಲ್ಲಿ ಓಡಾಡಿ ಹೇಳಿ ಹೋಗುವವರ ಚಪ್ಪಲಿ ಮುಂದುಗಡೆ ಸವೆಯುತ್ತದೆ. ನಿಧಾನವಾಗಿ ನಡೆಯುವವರದು ಹಿಮ್ಮಡಿಯ ಹೊರ ಅಂಚಿನಲ್ಲಿ. ಇವರ ಹಿಮ್ಮಡಿ ಪೂರ್ತಿ ಸಮನಾಗಿ ಒತ್ತಿಹೋಗಿ ತಟ್ಟೆಯ ಹಾಗೆ ತಗ್ಗಾಗಿತ್ತು. ಹೀಗೆ ಸವೆಯಬೇಕಾದರೆ ಮನುಷ್ಯ ನಡೆಯುವುದಕ್ಕಿಂತ ಹೆಚ್ಚು ಹೊತ್ತು ಒಂದೇ ಕಡೆ ನಿಲ್ಲಬೇಕು. ಮೂವತ್ತೆಂಟು ವರ್ಷದಲ್ಲಿ ಒಬ್ಬ ಮುಖ್ಯಸ್ಥರ ಚಪ್ಪಲಿಯಲ್ಲಿಯೂ ನಾನು ಅಂಥ ಸವೆತ ಕಂಡಿರಲಿಲ್ಲ.

ಸಂಜೆ ಮಗಳನ್ನು ಕೇಳಿದೆ, "ನಿಮ್ಮ ಮೇಡಂ ದಿನಾ ಎಲ್ಲಿ ನಿಂತಿರ್ತಾರ?"

"ಎಲ್ಲಾ ಕಡೆ ನಿಂತಿರ್ತಾರಪ್ಪ. ನಮ್ಮ ಮೇಜಿಗೆ ಬಂದ್ರಂದ್ರ ಅರ್ಧ ತಾಸು. ಏನೂ ಹೇಳೂದಿಲ್ಲ. ಊಟ ಆತೇನು ಅಂತಾರ. ಆಮ್ಯಾಲ ಹೆಂಚು ಯಾಕ ಸೀಳತಾವ ಅಂತ ಕೇಳತಾರ. ನಾವು ಗೊತ್ತಿಲ್ರಿ ಅಂತೀವಿ. ಆತು ಅಂತ ಮತ್ತೂ ನಿಂತಿರ್ತಾರ."

"ಮುಖ್ಯಸ್ಥರು ಹೇಳಬೇಕೋ ಕೇಳಬೇಕೋ?"

"ನಂಗೇನು ಗೊತ್ತು? ಸುಮ್ಮನ ನಿಂತಿದ್ದು ನೋಡಿ ನಮಗ ಕಸಿವಿಸಿ ಆಗತೈತಿ."

ಆ ಕಸಿವಿಸಿ ಯಾಕೆಂದು ನನಗೂ ಗೊತ್ತಿತ್ತು, ಗೇಟಿನ ಎದುರು ಕೂತವನಿಗೆ ಒಳಗಿನದೆಲ್ಲ ಕಾಣುತ್ತದಲ್ಲ. ಆದರೆ ಅದನ್ನು ಬಾಯಿಬಿಟ್ಟು ಹೇಳುವುದು ನಮ್ಮ ಊರಿನಲ್ಲಿ ಯಾರಿಂದಲೂ ಆಗುವ ಮಾತಾಗಿರಲಿಲ್ಲ. ವತ್ಸಲಾ ಮೇಡಂಗಿಂತ ಮೊದಲು ಗುರುಪಾದ ಸಾಹೇಬರು ಅಂತ ಒಬ್ಬರಿದ್ದರು, ದೇವರಂಥ ಮನುಷ್ಯ. ಕೂಲಿಯವರ ಮಕ್ಕಳ ಹೆಸರು ಕೂಡ ಅವರಿಗೆ ಬಾಯಿಪಾಠ. ಕೊನೆಯ ವರ್ಷಗಳಲ್ಲಿ ಎದೆನೋವು ಬಂದು ಅವರಿಗೆ ಹತ್ತು ಹೆಜ್ಜೆ ನಡೆಯುವುದೂ ಕಷ್ಟವಾಯಿತು. ಆಗ ಕೆಲಸಗಾರರೆಲ್ಲ ಸೇರಿ, ಸಾಹೇಬರು ನಮ್ಮ ಕಡೆ ಬರಲಾಗದಿದ್ದರೆ ಏನಾಯಿತು, ಕೆಲಸವನ್ನೇ ಅವರ ಕಡೆ ಒಯ್ಯೋಣ ಅಂದರು. ಹಸಿ ಹೆಂಚು ಒಣಗಿಸುವ ಹಲಗೆಗಳನ್ನು ಕೆರೆದಂಡೆಯ ಉದ್ದನೆಯ ಶೆಡ್ಡಿನಿಂದ ಎಬ್ಬಿಸಿ ತಂದು ಕಚೇರಿಯ ಅಂಗಳದಲ್ಲಿ ಒತ್ತೊತ್ತಾಗಿ ನಿಲ್ಲಿಸಿದರು. ಒತ್ತುವ ಮೇಜುಗಳು ಬಂದವು, ಮಣ್ಣು ಹದಮಾಡುವ ತೊಟ್ಟಿ ಬಂತು. ಭಟ್ಟಿಯೊಂದನ್ನು ಕೀಳಲಾಗದೆ ಅಲ್ಲೇ ಬಿಟ್ಟರು. ಸಾಹೇಬರು ಕುರ್ಚಿಯಲ್ಲಿ ಕೂತು ಕತ್ತು ತಿರುಗಿಸಿದರೆ ಸಾಕು, ಮೂರು ಹೆಜ್ಜೆಯೊಳಗೆ ಯಾರಾದರೂ ಸಿಗುತ್ತಿದ್ದರು. ಈ ಸಾಗಾಟವನ್ನೆಲ್ಲ ಮುಂದೆ ನಿಂತು ಮಾಡಿಸಿದವನು ಮೇಸ್ತ್ರಿ ದ್ಯಾಮಣ್ಣ. ಆ ದಿನ ಅವನು ಅತ್ತಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ, ಸಾಹೇಬರೂ ಅತ್ತಿದ್ದರು. ಊರೆಲ್ಲ ಈ ಕೆಲಸವನ್ನು ಹಾಡಿ ಹೊಗಳಿತ್ತು.

ಮತ್ತೊಮ್ಮೆ ಮೇಡಂ ಬಂದು ಮೇಜಿನ ಹತ್ತಿರ ನಿಂತಾಗ ಕಸ್ತೂರಿಗೆ ತಡೆಯಲಾಗಲಿಲ್ಲ. "ಇಲ್ಲಿ ಗಾಳಿ ಇಲ್ರಿ" ಅಂದಳು. ಒಂದೇ ಮಾತು. ಸುತ್ತಲಿನ ಕೈಗಳೆಲ್ಲ ಗಕ್ಕನೆ ನಿಂತವು ಎಂದು ಅವಳೇ ನನಗೆ ಹೇಳಿದಳು. ಮೂರು ಕಡೆ ಗೋಡೆಯಿರುವ ಅಂಗಳ ಅದು. ಬಿಸಿಲು ಬೀಳುವ ಅಂಚಿನ ಹೆಂಚು ಒಂದೇ ದಿನಕ್ಕೆ ಒಣಗುತ್ತಿತ್ತು, ನಡುವಿನದು ವಾರವಾದರೂ ಹಸಿ. ಅರೆ ಒಣಗಿದ ಹೆಂಚು ಬೆಂಕಿಗೆ ಹೋದರೆ ಸೀಳದೆ ಮತ್ತೇನಾಗುತ್ತದೆ? ಕೆರೆಯ ಶೆಡ್ಡಿನಲ್ಲಿ ಹಗಲೆಲ್ಲ ಒಂದೇ ಸಮನೆ ಗಾಳಿ ಆಡುತ್ತಿತ್ತು. ನೂರ ನಲವತ್ತು ಜನಕ್ಕೂ ಗೊತ್ತಿತ್ತು. ಹೇಳಿದರೆ ಗುರುಪಾದ ಸಾಹೇಬರ ಮೇಲೆ ದೂರು ಹೇಳಿದಂತೆ, ನಮ್ಮ ಪ್ರೀತಿಯೇ ತಪ್ಪು ಅಂದಂತೆ. ಅದಕ್ಕೇ ಎಲ್ಲರೂ ಮಣ್ಣನ್ನು ದೂರಿದರು, ಸೌದೆಯನ್ನು ದೂರಿದರು, ಗಾಳಿಯ ಹೆಸರು ಮಾತ್ರ ಎತ್ತಲಿಲ್ಲ.

ಮೇಡಂ ಯಾರನ್ನೂ ಬೈಯಲಿಲ್ಲ. ಮಾರನೆಯ ದಿನ ದ್ಯಾಮಣ್ಣನನ್ನು ಹುಡುಕಿಕೊಂಡು ಹೋದರು. ಅವನು ಆಗ ನನ್ನ ಅಂಗಡಿಯ ಹತ್ತಿರ ಬೀಡಿ ಸೇದುತ್ತ ನಿಂತಿದ್ದ, ಹೀಗಾಗಿ ಎಲ್ಲ ಮಾತೂ ನನ್ನ ಕಿವಿಗೇ ಬಿತ್ತು.

"ಹಲಗಿ ಎಲ್ಲಾ ಕೆರಿ ಶೆಡ್ಡಿಗೆ ಹೋಗಬೇಕು ದ್ಯಾಮಣ್ಣ" ಅಂದರು ಮೇಡಂ.

ಅವನ ಮುಖ ಕಪ್ಪಿಟ್ಟಿತು. "ನಾವು ಪ್ರೀತಿಲೆ ತಂದದ್ರಿ ಅವನ್ನ."

"ಗೊತ್ತದ. ಪ್ರೀತಿಲೇನ ತಿರುಗಿ ಒಯ್ಯೋಣ."

"ನಿಮಗ ಅಷ್ಟು ದೂರ ನಡಿಯಾಕ ಆಗೂದಿಲ್ಲ ಮೇಡಂ. ನಿಮ್ಮ ಕಾಲು ನಮಗ ಕಾಣೂದಿಲ್ಲೇನ್ರಿ? ಹಲಗಿ ಅಲ್ಲಿಗಿ ಹೋದ್ರ ನಿಮ್ಮ ಮಾತು ಅಲ್ಲಿಗಿ ಮುಟ್ಟೂದಿಲ್ಲ."

"ಮುಟ್ಟೂದು ಬ್ಯಾಡ" ಅಂದರು ಅವರು. "ಹೆಂಚಿಗೆ ನನ್ನ ಮಾತು ಯಾಕ ಬೇಕು? ಗಾಳಿ ಮುಟ್ಟಲಿ."

ನನ್ನ ಕೈಯಲ್ಲಿದ್ದ ಸೂಜಿ ಅಲ್ಲೇ ನಿಂತಿತು. ಇಂಥ ಮಾತನ್ನು ನಾನು ಯಾವ ಸಾಹೇಬರ ಬಾಯಿಂದಲೂ ಕೇಳಿರಲಿಲ್ಲ. ತಮ್ಮ ಮಾತು ಎಷ್ಟು ದೂರ ಹೋಗುತ್ತದೆ ಎಂಬ ಚಿಂತೆಯಲ್ಲೇ ಅವರೆಲ್ಲರ ಅರ್ಧ ಆಯುಷ್ಯ ಕಳೆಯುತ್ತದೆ. ದ್ಯಾಮಣ್ಣ ಬೀಡಿ ಎಸೆದು ಒಳಗೆ ಹೋದ. ಅವನು ಒಪ್ಪಲಿಲ್ಲವೆಂದು ಬೆನ್ನು ನೋಡಿದರೇ ತಿಳಿಯುತ್ತಿತ್ತು. ಆದರೂ ಮೇಡಂ ಒಬ್ಬೊಬ್ಬರ ಹತ್ತಿರ ಹೋಗಿ ಹೇಳಿದ ಮೇಲೆ ಹಲಗೆಗಳು ಹೋದವು, ಮೇಜುಗಳು ಹೋದವು, ತೊಟ್ಟಿ ಹೋಯಿತು. ಅಂಗಳ ಖಾಲಿಯಾಗಿ ಕಚೇರಿ ಒಂಟಿಯಾಯಿತು.

ಅಲ್ಲಿಂದ ಆರು ವಾರ ಆ ಹೆಣ್ಣುಮಗಳು ದಿನಕ್ಕೆ ನಾಲ್ಕು ಸಲ ನಾನೂರು ಹೆಜ್ಜೆ ಹೋದರು, ನಾನೂರು ಹೆಜ್ಜೆ ಬಂದರು. ನಾನು ಬಲಗಾಲಿನ ಅಟ್ಟೆಯನ್ನು ಒಂದು ಬೆರಳು ದಪ್ಪ ಮಾಡಿಕೊಟ್ಟೆ, ಒಳಗೆ ಮೆತ್ತನೆಯ ಚರ್ಮ ಕೂರಿಸಿದೆ. ಹೋದಲ್ಲೆಲ್ಲ ಅದೇ ನಿಲ್ಲುವುದು, ಅದೇ ಕೇಳುವುದು. ನಿಮಗೆ ಏನು ಕಾಣುತ್ತದೆ, ನೀವಾದರೆ ಏನು ಮಾಡುತ್ತೀರಿ. ಮೊದಮೊದಲು ಜನ ತಲೆ ಕೆರೆದುಕೊಂಡರು. ಹೇಳುವವರು ಹೇಳಿದರೆ ಮಾಡುವುದು ಸುಲಭ. ಹೀಗೆ ಎದುರು ನಿಂತು ಕೇಳಿದರೆ ಯೋಚನೆ ಮಾಡಬೇಕಾಗುತ್ತದಲ್ಲ. ಬರಬರುತ್ತ ಮೇಡಂ ಬರುವುದರೊಳಗೆ ಉತ್ತರ ಸಿದ್ಧ ಮಾಡಿಟ್ಟುಕೊಳ್ಳತೊಡಗಿದರು. ಕಸ್ತೂರಿ ಅನ್ನ ಉಣ್ಣುವಾಗಲೂ ಮಣ್ಣಿನ ಹದದ ಮಾತಾಡುತ್ತಿದ್ದಳು.

ಶಾಲೆಗಳ ಹೆಂಚು ಭಟ್ಟಿಗೆ ಹೋದ ವಾರವೇ ಮೇಡಂ ಅವರ ಮೊಣಕಾಲು ಕೈಕೊಟ್ಟಿತು. ಊದಿಕೊಂಡು ಕುಂಬಳಕಾಯಿಯಂತಾಗಿತ್ತು. ಡಾಕ್ಟರು ಬಂದು ಒಂದು ಹೆಜ್ಜೆ ಇಟ್ಟರೂ ಕಾಲು ಉಳಿಯುವುದಿಲ್ಲ ಅಂದರು. ಕಚೇರಿಯಲ್ಲಿ ಎರಡು ಕುರ್ಚಿ ಸೇರಿಸಿ ಕಾಲು ಚಾಚಿ ಕೂತರು. ಅವರ ಮಾತು ಕಿಟಕಿ ಕೂಡ ದಾಟುವಂತಿರಲಿಲ್ಲ.

ಈ ಬೆಂಕಿಯ ಕೆಲಸದಲ್ಲಿ ಒಂದು ಗಳಿಗೆ ಇದೆ, ಭಟ್ಟಿಯ ಬಾಯಿ ಮುಚ್ಚುವ ಗಳಿಗೆ. ಬೇಗ ಮುಚ್ಚಿದರೆ ಹೆಂಚು ಹಸಿಯಾಗಿ ಉಳಿಯುತ್ತದೆ, ತಡವಾದರೆ ಸೊಟ್ಟಗಾಗುತ್ತದೆ. ಮುಚ್ಚು ಎಂದು ಮುಖ್ಯಸ್ಥರೇ ಹೇಳಬೇಕು, ಮೊದಲಿನಿಂದ ನಡೆದುಬಂದದ್ದು. ಗುರುಪಾದ ಸಾಹೇಬರ ಕಾಲದಲ್ಲಿ ದ್ಯಾಮಣ್ಣ ಭಟ್ಟಿಯಿಂದ ಓಡಿ ಬಂದು ಬೆಂಕಿಯ ಬಣ್ಣ ಹೇಳುತ್ತಿದ್ದ. ಅವರು ಮುಚ್ಚು ಅಂದ ಮೇಲೆ ಓಡಿ ಹೋಗಿ ಮುಚ್ಚುತ್ತಿದ್ದ. ಅಷ್ಟರಲ್ಲಿ ಬಣ್ಣ ಬೇರೆಯೇ ಆಗಿರುತ್ತಿತ್ತು.

ಭಟ್ಟಿಗೆ ಬೆಂಕಿ ಹಾಕಿದ ನಾಲ್ಕನೆಯ ದಿನದ ಮಧ್ಯಾಹ್ನ ಚಪ್ಪಲಿ ಕೊಡಲು ನಾನು ಕಚೇರಿಗೆ ಹೋಗಿದ್ದೆ. ದ್ಯಾಮಣ್ಣ ಬೆವರು ಸುರಿಸುತ್ತ ಓಡಿಬಂದ.

"ಬೆಂಕಿ ಕುಂಬಳ ಹೂವಿನ ಬಣ್ಣಕ್ಕ ತಿರುಗೇತ್ರಿ. ಮುಚ್ಚಲೇನ್ರಿ?"

"ನಿನಗೇನು ಅನಸ್ತದ?"

"ನನ್ನ ಕೇಳಿದ್ರ ಹೆಂಗ್ರಿ? ನೀವು ಹೇಳ್ರಿ."

"ನಾ ಬೆಂಕಿ ನೋಡಿಲ್ಲ ದ್ಯಾಮಣ್ಣ. ನೀ ನೋಡೀಯಲ್ಲ."

ಅವನು ತಿರುಗಿ ಭಟ್ಟಿಗೆ ಓಡಿದ. ಅರ್ಧ ತಾಸಿಗೆ ಮತ್ತೆ ಬಂದ. ಈ ಸಲ ಸಿಟ್ಟು ಬಂದಿತ್ತು. "ಮೇಡಂ, ಶಾಲಿ ಹೆಂಚು ಅವು. ಕೆಟ್ಟ್ರ ನೂರಾ ನಲವತ್ತು ಮಂದಿ ಬೀದಿಗೆ ಬರತೀವಿ. ಒಂದ್ ಮಾತು ಹೇಳ್ರಿ, ಸಾಕು. ಬೈಸಿಕೊಳ್ಳೂದು ನೀವೇ ಬೈಸಿಕೊಳ್ರಿ."

"ಕೆಟ್ಟ್ರ ನಾನೇ ಬೈಸಿಕೊಳ್ತೀನಿ. ಅದು ನನ್ನ ಕೆಲಸ. ಮುಚ್ಚೂದು ನಿನ್ನ ಕೆಲಸ."

ಅವನು ಹೋದ ಮೇಲೆ ಮೇಡಂ ಕಿಟಕಿಯಾಚೆ ಕೆರೆಯ ಕಡೆ ನೋಡಿದರು. ಭಟ್ಟಿಯೊಳಗೆ ಸುಡುತ್ತಿದ್ದದ್ದು ನನ್ನ ಮಗಳ ಕೈಯಿಂದ ಒತ್ತಿದ ಹೆಂಚು. "ಕುರ್ಚಿ ಸಮೇತ ಹೊತಗೊಂಡು ಹೋಗತೀನ್ರಿ, ಗೇಟಿನ್ಯಾಗ ಇನ್ನಿಬ್ಬರನ್ನ ಕರೀತೀನಿ" ಅಂದೆ.

"ಬ್ಯಾಡ ಭರಮಣ್ಣ. ಒಂದು ಸಲ ಹೊತ್ತರ ಪ್ರತಿ ಸಲ ಹೊರತಾರ. ಆಮ್ಯಾಲ ಭಟ್ಟೀನೂ ಕಿತ್ತು ಇಲ್ಲಿಗೇ ತರತಾರ."

ಆ ಸ್ಥಿತಿಯಲ್ಲೂ ನನಗೆ ನಗು ಬಂತು. ಅವರಿಗೆ ಬರಲಿಲ್ಲ. ಇಬ್ಬರೂ ಬಾಗಿಲನ್ನೇ ನೋಡುತ್ತ ಕೂತೆವು. ಅರ್ಧ ತಾಸು ಕಳೆಯಿತು. ಮುಕ್ಕಾಲು ತಾಸು ಕಳೆಯಿತು. ಅಂಗಳದಲ್ಲಿ ಯಾರೂ ಕಾಣಲಿಲ್ಲ. ಆಮೇಲೆ ಕೆರೆಯ ಕಡೆಯಿಂದ ಭಟ್ಟಿಯ ಬಾಯಿಗೆ ಇಟ್ಟಿಗೆ ಜೋಡಿಸಿ ಮಣ್ಣು ಬಡಿಯುವ ಸದ್ದು ಶುರುವಾಯಿತು, ಧಪ್ ಧಪ್ ಎಂದು.

"ಮೂರನೇ ಸಲ ಬರಲಿಲ್ಲ ನೋಡು" ಅಂದರು ಮೇಡಂ. ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಚಪ್ಪಲಿಯನ್ನು ಅವರ ಕುರ್ಚಿಯ ಕೆಳಗೆ ಇಟ್ಟು ಎದ್ದು ಬಂದೆ. ದೊಡ್ಡ ಮನುಷ್ಯರು ಎಂದರೆ ಯಾರೆಂದು ನನಗೆ ಆ ದಿನ ಗೊತ್ತಾಯಿತು.

ಭಟ್ಟಿ ಆರಿ ತಣ್ಣಗಾಗಲು ಐದು ದಿನ ಬೇಕು. ಆರನೆಯ ದಿನ ಪುರಸಭೆಯವರು ಬಂದರು. ನಮ್ಮಲ್ಲಿ ಹೆಂಚಿನ ಪರೀಕ್ಷೆ ಹೀಗೆ: ಎರಡು ಇಟ್ಟಿಗೆಯ ಮೇಲೆ ಒಂದು ಹೆಂಚು ಅಡ್ಡ ಇಟ್ಟು ಊರಿನ ಅತಿ ಭಾರದ ಸದಸ್ಯರು ಅದರ ಮೇಲೆ ಹತ್ತಿ ನಿಲ್ಲಬೇಕು. ಏಳನೇ ವಾರ್ಡಿನ ಸದಸ್ಯರು ಇದೊಂದೇ ಕೆಲಸಕ್ಕೆ ಮೂರು ಸಲ ಆರಿಸಿ ಬಂದಿದ್ದಾರೆಂದು ಜನ ಆಡಿಕೊಳ್ಳುತ್ತಾರೆ. ಅವರು ಪಂಚೆ ಎತ್ತಿಕಟ್ಟಿ ಹತ್ತಿದರು. ಇಳಿದರು. ಇನ್ನೊಂದು ಹೆಂಚಿನ ಮೇಲೆ ಹತ್ತಿದರು. ಹದಿನಾರು ಹೆಂಚು ಹತ್ತಿ ಇಳಿದು, ಬೆವರು ಒರೆಸಿಕೊಂಡು, "ಸಾಕ್ರಪ್ಪ, ನಾನೇ ಒಡೀತೀನಿ ಇನ್ನ" ಅಂದರು. ದ್ಯಾಮಣ್ಣ ಭಟ್ಟಿಯ ಗೋಡೆಗೆ ತಲೆಯಾನಿಸಿ ನಿಂತುಬಿಟ್ಟ. ಕಸ್ತೂರಿ ಗೇಟಿನವರೆಗೆ ಓಡಿಬಂದು, ಅಪ್ಪಾ ಅಂತ ಒಂದೇ ಕೂಗು ಕೂಗಿ, ಮತ್ತೆ ಒಳಗೆ ಓಡಿದಳು.

ಮಳೆ ಬರುವುದರೊಳಗೆ ಹನ್ನೆರಡು ಶಾಲೆಗಳೂ ಕೆಂಪಗೆ ಹೊದ್ದುಕೊಂಡವು. ಮೇಡಂ ಅವರ ಕಾಲು ಮಾತ್ರ ಮೊದಲಿನಂತಾಗಲಿಲ್ಲ. ನಡೆಯಲಾಗದವರು ಆ ಕುರ್ಚಿಯಲ್ಲಿ ಇರಬಾರದು ಎಂದು ತಾವೇ ಬರೆದುಕೊಟ್ಟರು. ಇರಿ ಎಂದು ಕೆಲಸಗಾರರು ಅಂಗಲಾಚಿದರೂ ಕೇಳಲಿಲ್ಲ. ಹೊಸ ಮುಖ್ಯಸ್ಥನನ್ನಾಗಿ ಯಾರನ್ನು ಮಾಡೋಣ ಎಂದು ಪುರಸಭೆ ಕೇಳಿದಾಗ, ದ್ಯಾಮಣ್ಣನ ಹೆಸರು ಹೇಳಿದರು.

ಚಾರ್ಜು ಕೊಡುವ ದಿನ ಕೋಲೂರಿಕೊಂಡು ಬಂದರು. ಕೆಲಸಗಾರರೆಲ್ಲ ಕೆರೆಯ ಶೆಡ್ಡಿನಲ್ಲಿದ್ದರು. ಹೆಂಚು ಒಣಗುವ ಹೊತ್ತು, ಕೈಬಿಟ್ಟು ಬರಬೇಡಿ ಎಂದು ಹಿಂದಿನ ದಿನವೇ ಒಬ್ಬೊಬ್ಬರಿಗೂ ಹೇಳಿದ್ದರಂತೆ. ಕಚೇರಿಯಲ್ಲಿ ದ್ಯಾಮಣ್ಣ ಚಾರ್ಜಿನ ಪುಸ್ತಕಕ್ಕೆ ಸಹಿ ಹಾಕಿದ, ಆ ಗಳಿಗೆಯಿಂದ ಮೇಡಂ ಯಾರಿಗೂ ಮುಖ್ಯಸ್ಥರಲ್ಲ. ಮೇಡಂ ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು, ಕೆರೆಯ ಕಡೆ ತಿರುಗಿ, ಎರಡೂ ಕೈ ಬಾಯಿಗೆ ಹಿಡಿದು ಕೂಗಿದರು.

"ಊಟ ಆತೇನ್ರೆವ್ವಾ?"

ನಾನೂರು ಹೆಜ್ಜೆಯ ಆಚೆ ಅಷ್ಟೂ ಜನ ಒಮ್ಮೆಗೇ ತಲೆಯೆತ್ತಿದರು. ಅಷ್ಟು ದೂರದಿಂದ ಅವರ ದನಿಯನ್ನು ಯಾರೂ ಕೇಳಿರಲಿಲ್ಲ. ಶೆಡ್ಡಿನ ಈ ತುದಿಯಿಂದ ಆ ತುದಿಯವರೆಗೆ ಉತ್ತರ ಬಂತು. "ಆತ್ರೀ ಮೇಡಂ! ನಿಮ್ಮದು?" ನನಗೆ ಸೂಜಿಯ ಕಣ್ಣು ಕಾಣದಾಯಿತು. ಅಂದು ಮತ್ತೆ ಹೊಲಿಗೆ ಮಾಡಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ದ್ಯಾಮಣ್ಣ ಬಂದು ಬೇವಿನ ಕೆಳಗೆ ಕೂತಿದ್ದ. ಹೊಸ ಚಪ್ಪಲಿಗೆ ಅಳತೆ ಕೊಡಬೇಕಿತ್ತು. ಕಾಗದದ ಮೇಲೆ ಪಾದ ಇಡಿಸಿ ಗೆರೆ ಎಳೆದೆ. ಹೊಸ ಸಾಹೇಬರಲ್ಲವೇ, ಸ್ವಲ್ಪ ಚೇಷ್ಟೆ ಮಾಡೋಣ ಅನ್ನಿಸಿತು.

"ಮುಂದ ದಪ್ಪ ಹಾಕಲೇನ್ರಿ ಸಾಹೇಬ್ರ? ಬಾಳ ಓಡಾಡಾವ್ರು ನೀವು."

ಅವನು ನಗಲಿಲ್ಲ. ಕಚೇರಿಯ ಖಾಲಿ ಅಂಗಳದ ಕಡೆ ನೋಡಿದ, ಆಚೆಗೆ ಶೆಡ್ಡಿನ ಕಡೆ ನೋಡಿದ.

"ಹಿಮ್ಮಡಕ್ಕ ಹಾಕು" ಅಂದ. "ಎರಡು ಪದರ."